ಗಂಗರ ನಾಡಿನಲ್ಲಿ ಮೂರು ದಿನ: ಒಂದು ರಜಾಪ್ರವಾಸದ ಯೋಜನೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ನುಡಿ. ಕೋಶವನ್ನು ಓದದೆ ದೇಶವನ್ನು ಸುತ್ತಿದವನು ಊರುಗಳನ್ನು ದಾಟುತ್ತಾನೆಯೇ ಹೊರತು ಕಾಣುವುದಿಲ್ಲ. ಪೆರು ದೇಶದಲ್ಲಿರುವ ಇಂಕಾ ಅರಸರ ಕುಸ್ಕೋ ಮತ್ತು ಮಾಚು ಪಿಚುಗಳನ್ನು ನೋಡಲು ಜಗತ್ತಿನ ನಾನಾ ಭಾಗಗಳ ಜನರು ತಿಂಗಳುಗಳ ಮೊದಲೇ ಸಿದ್ಧತೆ ನಡೆಸುತ್ತಾರೆ. ಇಂಕಾ ಸಾಮ್ರಾಜ್ಯವು ಉಚ್ಛ್ರಾಯದಲ್ಲಿದ್ದುದು ಸುಮಾರು ಒಂದು ಶತಮಾನ ಮಾತ್ರ. ತಲಕಾಡಿನ ಗಂಗರಾದರೋ ಕ್ರಿ.ಶ. ನಾಲ್ಕನೆಯ ಶತಮಾನದಿಂದ ಹತ್ತನೆಯ ಶತಮಾನದ ಅಂತ್ಯದವರೆಗೆ ಬಾಳಿದ ಅರಸುಮನೆತನ. ಅವರ ನಾಡಿನ ಹೃದಯಭಾಗವೇ ಇಂದಿನ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಸೀಮೆ. ಈ ಸೀಮೆಯ ಮಕ್ಕಳೇ ಅದನ್ನು ಅರಿಯದಿದ್ದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಪ್ರವಾಸದಲ್ಲಿ ವೈವಿಧ್ಯವಿರಬೇಕು, ಆದರೆ ಆ ವೈವಿಧ್ಯವನ್ನು ಪೋಣಿಸುವ ಒಂದು ಸೂತ್ರವೂ ಇರಬೇಕು. ಇಲ್ಲಿ ಆ ಸೂತ್ರವೇ ನದಿ. ನದಿಯು ನಾಡನ್ನು ಹೇಗೆ ಕಟ್ಟಿತು, ಹೇಗೆ ಹೂಳಿತು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಮೂರು ದಿನಗಳು ಸಾರ್ಥಕವಾಗುತ್ತವೆ.

ಮೊದಲನೆಯ ದಿನ ನಂಜನಗೂಡಿಗೆ ಮೀಸಲಿರಲಿ. ಕಪಿಲಾ ತೀರದ ಶ್ರೀಕಂಠೇಶ್ವರ ದೇವಾಲಯವು ಒಬ್ಬ ಅರಸನ ಕೃತಿಯಲ್ಲ; ಹಲವು ರಾಜವಂಶಗಳ ಕಾಲದಲ್ಲಿ ಬೆಳೆಯುತ್ತ ಬಂದುದು. ಆದುದರಿಂದ ಅದರ ಕಂಬಗಳನ್ನೂ ಗೋಪುರವನ್ನೂ ಹೋಲಿಸಿ ನೋಡಬೇಕು. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದರೆನ್ನಲಾದ ಕಲ್ಲಿನ ಸೇತುವೆಯ ಮೇಲೆ ಒಂದು ಕಾಲಕ್ಕೆ ರೈಲು ಕೂಡ ಸಂಚರಿಸುತ್ತಿತ್ತು. ಮಧ್ಯಾಹ್ನ ರಸಬಾಳೆಯ ತೋಟವೊಂದನ್ನು ಕಾಣುವುದು ಒಳ್ಳೆಯದು. ಈ ಮಣ್ಣಿನ ಹೆಸರನ್ನೇ ಹೊತ್ತ ಆ ಬಾಳೆಯು ಸೊರಗು ರೋಗಕ್ಕೆ ತುತ್ತಾಗಿ ವಿರಳವಾದ ಬಗೆಯನ್ನು ರೈತರ ಬಾಯಿಂದಲೇ ಕೇಳಿ ತಿಳಿಯಬೇಕು.

ಎರಡನೆಯ ದಿನ ಕಪಿಲೆಯ ಹರಿವನ್ನೇ ಅನುಸರಿಸಿ ನರಸೀಪುರಕ್ಕೆ ಬರಬೇಕು. ಇಲ್ಲಿ ಕಪಿಲೆಯು ಕಾವೇರಿಯನ್ನು ಕೂಡುತ್ತಾಳೆ. ಗುಪ್ತಗಾಮಿನಿಯಾದ ಸ್ಫಟಿಕ ಸರೋವರವೂ ಸೇರುವುದೆಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. ಅಗಸ್ತ್ಯೇಶ್ವರ, ಗುಂಜಾನರಸಿಂಹ ದೇವಾಲಯಗಳು ಇಲ್ಲಿವೆ. ಕಾಶಿಗಿಂತ ಈ ಕ್ಷೇತ್ರವು ಒಂದು ಗುಲಗಂಜಿಯಷ್ಟು ಹೆಚ್ಚೆಂಬುದು ಸ್ಥಳೀಯ ಐತಿಹ್ಯ. ಇಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಜನವಸತಿಯ ಕುರುಹುಗಳು ದೊರೆತಿವೆ; ಅರಸರು ಬರುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ನದಿಯು ಮನುಷ್ಯರನ್ನು ಕರೆದಿತ್ತು. ಸಂಜೆಗೆ ಸೋಮನಾಥಪುರ. 1268ರ ಸುಮಾರಿನಲ್ಲಿ ಹೊಯ್ಸಳ ದಂಡನಾಯಕ ಸೋಮನಾಥನು ಕಟ್ಟಿಸಿದ ಕೇಶವ ದೇವಾಲಯವು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಮೂರನೆಯ ದಿನ ತಲಕಾಡು. ಮರಳು ಕಾಯುವ ಮುನ್ನ, ಬೆಳಗಿನಲ್ಲಿಯೇ ತಲಪುವುದು ಲೇಸು. ಗಂಗರ ಈ ರಾಜಧಾನಿಯನ್ನು 1004ರ ಸುಮಾರಿಗೆ ಚೋಳರು ಗೆದ್ದು ರಾಜರಾಜಪುರವೆಂದು ಕರೆದರು. ಮುಂದೆ ವಿಷ್ಣುವರ್ಧನನು ಅದನ್ನು ಜಯಿಸಿ 'ತಲಕಾಡುಗೊಂಡ'ನಾದನು. 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಾಪಿಸಿದನು. ಪಾತಾಳೇಶ್ವರ, ಮರುಳೇಶ್ವರ, ವೈದ್ಯೇಶ್ವರರನ್ನು ಇಲ್ಲಿ ಕಂಡು, ವಿಜಯಾಪುರದ ಅರ್ಕೇಶ್ವರನನ್ನೂ ಮುಡುಕುತೊರೆಯ ಬೆಟ್ಟದ ಮಲ್ಲಿಕಾರ್ಜುನನನ್ನೂ ದರ್ಶಿಸಿದರೆ ಪಂಚಲಿಂಗಗಳ ದರ್ಶನ ಪೂರ್ಣವಾಗುತ್ತದೆ.

ಇಷ್ಟು ದೊಡ್ಡ ಪಟ್ಟಣವು ಮರಳಿನಡಿ ಸೇರಿದುದೇಕೆ? ಅಲಮೇಲಮ್ಮನ ಶಾಪವೆಂದು ಜನಪದ ಹೇಳುತ್ತದೆ. ಮೇಲ್ಭಾಗದಲ್ಲಿ ಮಾಧವಮಂತ್ರಿಯ ಅಣೆಕಟ್ಟೆ ನಿರ್ಮಾಣವಾದ ಮೇಲೆ ಹರಿವು ಕುಗ್ಗಿ, ನದಿಯ ತಿರುವಿನಲ್ಲಿ ಬಯಲಾದ ಮರಳನ್ನು ಗಾಳಿಯು ಊರಿನ ಮೇಲೆ ಹೊತ್ತು ತಂದಿತೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಎರಡನ್ನೂ ಕೇಳಬೇಕು. ಮೊದಲನೆಯದು ಒಬ್ಬ ಹೆಣ್ಣುಮಗಳಿಗಾದ ಅನ್ಯಾಯವನ್ನು ಜನರು ಮರೆಯದ ಬಗೆಯನ್ನು ತಿಳಿಸುತ್ತದೆ. ಎರಡನೆಯದು ನದಿಯ ಮೈಯನ್ನು ಮುಟ್ಟುವ ಮುನ್ನ ನೂರು ಬಾರಿ ಯೋಚಿಸಬೇಕೆಂಬ ವಿವೇಕವನ್ನು ನೀಡುತ್ತದೆ.

ಯೋಜನೆಯಲ್ಲಿ ಎಚ್ಚರಿಕೆಯೂ ಸೇರಿರಬೇಕು. ಈ ಭಾಗದ ಕಾವೇರಿ ಮೇಲೆ ಶಾಂತೆ, ಒಳಗೆ ಸುಳಿ ಮಡುಗಳಿಂದ ಕೂಡಿದವಳು. ಅನೇಕ ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ. ಹಿರಿಯರಿಲ್ಲದೆ ಯಾವ ವಿದ್ಯಾರ್ಥಿಯೂ ನೀರಿಗಿಳಿಯಕೂಡದು. ಶಾಸನ, ಶಿಲ್ಪಗಳ ಮೇಲೆ ಹೆಸರು ಕೆತ್ತಕೂಡದು. ಕೈಯಲ್ಲೊಂದು ಟಿಪ್ಪಣಿ ಪುಸ್ತಕ, ಚೀಲದಲ್ಲಿ ಬುತ್ತಿ ಮತ್ತು ನೀರು ಇದ್ದರೆ ಸಾಕು, ಅಲ್ಪ ವೆಚ್ಚದಲ್ಲಿ ಪ್ರವಾಸ ಮುಗಿಯುತ್ತದೆ.

ದೂರದ ಪೆರುವನ್ನು ಕಾಣುವ ಭಾಗ್ಯ ಕೆಲವರಿಗೆ ಮಾತ್ರ. ಮನೆಯ ಬಾಗಿಲಲ್ಲಿರುವ ಗಂಗರ ನಾಡನ್ನು ಕಾಣುವ ಭಾಗ್ಯವಾದರೋ ಎಲ್ಲರದು. ಬರುವ ರಜೆಯಲ್ಲಿ ವಿದ್ಯಾರ್ಥಿಗಳು ಅದನ್ನು ತಮ್ಮದಾಗಿಸಿಕೊಳ್ಳಲಿ.