ಉಗುರುಗಳಲ್ಲಿ ಕಾಣುವ ಶ್ವಾಸಕೋಶದ ರೋಗಲಕ್ಷಣಗಳು

ಪ್ರತಿ ಸೋಮವಾರ ಪ್ರಾರ್ಥನೆಯಾದ ಮೇಲೆ ಕೈಗಳನ್ನು ಚಾಚಿಸಿ ಉಗುರುಗಳನ್ನು ಪರೀಕ್ಷಿಸುವ ನಮ್ಮ ಪದ್ಧತಿಯನ್ನು ಹಳೇ ವಿದ್ಯಾರ್ಥಿನಿಯರು ಮರೆತಿರಲಾರರು. ವರುಷಗಟ್ಟಲೆ ನಾವು ಕೊಳೆಯನ್ನು ನೋಡಿದೆವೇ ಹೊರತು ಉಗುರಿನ ಆಕಾರವನ್ನು ನೋಡಲಿಲ್ಲ. ಹೀಗಾಗಿ ವಸತಿಗೃಹದ ಒಬ್ಬ ಹುಡುಗಿಯ ಬೆರಳ ತುದಿಗಳು ನಗಾರಿಯ ಕೋಲಿನಂತೆ ದುಂಡಗಾಗಿದ್ದುದು ಕಣ್ಣೆದುರಿಗಿದ್ದರೂ ನಮಗೆ ಕಾಣಲಿಲ್ಲ. ದಿನಾಲು ಬೆಳಿಗ್ಗೆ ಅವಳು ಬಹಳ ಕಫವನ್ನು ಉಗುಳುತ್ತಿದ್ದುದನ್ನು ಸಾಧಾರಣ ನೆಗಡಿಯೆಂದೆಣಿಸಿದೆವು. ರಜೆಯಲ್ಲಿ ವೈದ್ಯರೊಬ್ಬರು ಅವಳ ಕೈಯನ್ನು ನೋಡಿದ ಕೂಡಲೇ, ಎದೆಯನ್ನು ಪರೀಕ್ಷಿಸುವುದಕ್ಕೆ ಮುಂಚೆಯೇ, ಶ್ವಾಸನಾಳಗಳು ಹಿಗ್ಗಿ ಕೆಟ್ಟಿರಬಹುದೆಂದು ಸಂಶಯಪಟ್ಟರು. ಅದು ಹಾಗೆಯೇ ಇತ್ತು.

ಎದೆಯಲ್ಲಿ ಕೀವುಗೂಡಿದವರ ಉಗುರು ಬಾಗುವುದೆಂದು ಗ್ರೀಸ್ ದೇಶದ ಹಿಪ್ಪಾಕ್ರಟೀಸನ ಹೆಸರಿನ ಪುರಾತನ ಗ್ರಂಥಗಳೇ ಹೇಳಿವೆ. ಮೊದಲು ಉಗುರಿನ ಬುಡವು ಮೆತ್ತಗಾಗುತ್ತದೆ. ಆಮೇಲೆ ಉಗುರಿಗೂ ಚರ್ಮಕ್ಕೂ ನಡುವಣ ತಗ್ಗು ತುಂಬುತ್ತದೆ. ಕಡೆಗೆ ಉಗುರು ಗಿಣಿಯ ಕೊಕ್ಕಿನಂತೆ ಬಾಗಿ ಬೆರಳ ತುದಿ ದಪ್ಪವಾಗುತ್ತದೆ. ಸಾಮಾನ್ಯವಾಗಿ ನೋವಿಲ್ಲದ ಕಾರಣ ಯಾರೂ ದೂರುವುದಿಲ್ಲ.

ಎರಡು ಕೈಗಳ ಒಂದೇ ಬೆರಳನ್ನು ಉಗುರಿಗೆ ಉಗುರು ತಾಗುವಂತೆ ಕೂಡಿಸಿ ಬೆಳಕಿಗೆ ಹಿಡಿಯಿರಿ. ಆರೋಗ್ಯವುಳ್ಳವರಲ್ಲಿ ಉಗುರುಗಳ ಬುಡದಲ್ಲಿ ಗಾಳಿಪಟದಾಕಾರದ ಸಣ್ಣ ಕಿಂಡಿ ಕಾಣುತ್ತದೆ. ಅದು ಮುಚ್ಚಿದ್ದರೆ ಸಂಶಯಕ್ಕೆ ಆಸ್ಪದವುಂಟು. ದಕ್ಷಿಣ ಆಫ್ರಿಕದ ಹೃದ್ರೋಗ ವೈದ್ಯರಾದ ಶಾಮ್ರೋತರು ತಮ್ಮ ಸ್ವಂತ ಕಾಯಿಲೆಯಲ್ಲಿ ಇದನ್ನು ಕಂಡು 1976ರಲ್ಲಿ ಪ್ರಕಟಿಸಿದರು.

ತಾಯಂದಿರಿಗೆ ಒಂದು ಮಾತು. ಸೌದೆ ಒಲೆಯ ಹೊಗೆಯನ್ನು ಬಹುಕಾಲ ಕುಡಿದವರಿಗೆ, ಬೀಡಿಯನ್ನು ಮುಟ್ಟದಿದ್ದರೂ, ಬಿಡದ ಕೆಮ್ಮೂ ಏದುಸಿರೂ ಹಿಡಿಯಬಹುದು. ಆದರೆ ಹೊಗೆಯಿಂದ ಬಂದ ಆ ಕೆಮ್ಮಿನ ರೋಗವೊಂದೇ ಸಾಧಾರಣವಾಗಿ ಉಗುರನ್ನು ಹೀಗೆ ಬಾಗಿಸುವುದಿಲ್ಲ. ಆದಕಾರಣ ಹಳೇ ಕೆಮ್ಮಿನವರಲ್ಲಿ, ವಿಶೇಷವಾಗಿ ಬೀಡಿ ಸೇದುವವರಲ್ಲಿ, ಉಗುರು ಬಾಗತೊಡಗಿದರೆ "ಇದು ಹಳೇ ಕೆಮ್ಮೇ" ಎಂದು ಸುಮ್ಮನಿರಬಾರದು. ಶ್ವಾಸಕೋಶದ ಅರ್ಬುದ, ಕೀವುಗಟ್ಟುವಿಕೆ, ನಾರುಗಟ್ಟುವಿಕೆ ಮುಂತಾದವುಗಳನ್ನು ವೈದ್ಯರು ಹುಡುಕಬೇಕಾಗುತ್ತದೆ. ಬಾಗಿದ ಉಗುರೆಲ್ಲವೂ ಶ್ವಾಸಕೋಶದ ದೋಷವಲ್ಲವೆಂಬುದೂ ನಿಜ. ಕೆಲವು ಹೃದ್ರೋಗಗಳಲ್ಲಿಯೂ ಕರುಳಿನ ವ್ಯಾಧಿಗಳಲ್ಲಿಯೂ ಇದುಂಟು. ಕೆಲವು ಮನೆತನಗಳಲ್ಲಿ ಅದು ವಂಶದ ಗುಣವೇ.

ಚರ್ಮದ ನೀಲಿಬಣ್ಣವು ಬೇರೊಂದು ಲಕ್ಷಣ. ಚಳಿಯಿಂದಲೂ ಕೈ ನೀಲಿಯಾದೀತು. ನಾಲಿಗೆಯೂ ನೀಲಿಯಾದರೆ ರಕ್ತದಲ್ಲಿ ಪ್ರಾಣವಾಯು ಸಾಲದೆಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಶ್ಯಾಮಲ ಚರ್ಮದಲ್ಲಿ ಇದು ಬೇಗ ಕಾಣದಾದ್ದರಿಂದ ನಾಲಿಗೆಯನ್ನೂ ತುಟಿಯ ಒಳಭಾಗವನ್ನೂ ನೋಡುವುದು ಲೇಸು. ಬೆರಳಿಗೆ ಸಿಕ್ಕಿಸಿ ಪ್ರಾಣವಾಯುವನ್ನು ಅಳೆಯುವ ಯಂತ್ರಕ್ಕೆ ಉಗುರುಬಣ್ಣವು ಅಡ್ಡಬರಬಹುದು. ಮೊದಲೇ ಅಳಿಸಿಕೊಂಡು ಹೋಗಿರಿ. (ಇದು ನಮ್ಮ ಹಳೇ ಬೈಗುಳವಲ್ಲ!)

ಆ ಹುಡುಗಿಯು ಈಗಲೂ ಬೆಳಿಗ್ಗೆ ವೈದ್ಯರು ಕಲಿಸಿದಂತೆ ಬೋರಲಾಗಿ ಮಲಗಿ ಕಫವನ್ನು ಇಳಿಸಿಕೊಳ್ಳುತ್ತಾಳೆ. ಕೆಮ್ಮು ಕಡಿಮೆಯಾಗಿದೆ, ಉಗುರುಗಳು ಮಾತ್ರ ಮೊದಲಿನಂತಾಗಿಲ್ಲ.