ಮೈಗೆ ಹತ್ತಿದ ಸಾಮು

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟ ತಾಲ್ಲೂಕಿನ ನಮ್ಮ ವಾಗದರಿಯಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ದಂಡ, ಬೈಠಕ್, ಗುಂಡು ಎತ್ತುವುದು, ಎಲ್ಲ ಸೇರಿ ಇಲ್ಲಿ ಸಾಮು. ಬೆವರು ಸುರಿಸಿದರೆ ಸಾಲದು, ಸಾಮು ಮೈಗೆ ಹತ್ತಬೇಕು ಅನ್ನುತ್ತಾರೆ ಹಿರಿಯರು.

ಆ ಮಾತು ನನಗೆ ತಿಳಿದದ್ದು ಸೊಂಟ ಹಿಡಿದ ಮೇಲೆ. ಹತ್ತೊಂಬತ್ತರ ವಯಸ್ಸು, ಜಾತ್ರೆಯಲ್ಲಿ ಕ್ವಿಂಟಲ್ ಜೋಳದ ಚೀಲ ಎತ್ತಬೇಕೆಂಬ ಹಟ. ಒಂದು ದಿನವೂ ಬಿಡದೆ ಎತ್ತಿದೆ, ವಾರವಾರಕ್ಕೂ ಹತ್ತು ಕಿಲೋ ಏರಿಸಿದೆ. ಮೂರನೇ ವಾರ ಬಗ್ಗಿದವನಿಗೆ ಏಳಲಾಗಲಿಲ್ಲ. ತಾಲೀಮಿನ ಉಸ್ತಾದರು ಪಕ್ಕದಲ್ಲಿ ಕೂತು ಹೇಳಿದ್ದು ಇಷ್ಟೇ: “ತಮ್ಮಾ, ದಿನಾ ನೀರ ಹಾಯಿಸಿದ್ರ ಬೆಳಿ ಕೊಳೀತದ. ಇವತ್ತ ಸಾಮು ಮಾಡು, ನಾಳಿ ಮೈಗ ಬಿಡು.”

ಶರೀರ ವಿಜ್ಞಾನ ಹೇಳುವುದೂ ಅದನ್ನೇ. ಭಾರ ಎತ್ತುವಾಗ ಸ್ನಾಯುವಿನ ಎಳೆಗಳ ಮೇಲೆ ಬೀಳುವ ಬಿಗಿತವೇ ಬೆಳವಣಿಗೆಗೆ ಕರೆ. ಆ ಕರೆ ಕೇಳಿ ಜೀವಕೋಶಗಳು ಹೊಸ ಪ್ರೋಟೀನ್ ಕಟ್ಟತೊಡಗುತ್ತವೆ. ಈ ಕೆಲಸ ಒಂದೆರಡು ದಿನ ನಡೆಯುತ್ತದೆ. ಎಳೆಗಳ ಪಕ್ಕದಲ್ಲಿ ಸುಮ್ಮನಿದ್ದ ಸ್ಯಾಟಲೈಟ್ ಕೋಶಗಳು ಎಚ್ಚೆತ್ತು ಅವುಗಳೊಳಗೆ ಬೆರೆಯುತ್ತವೆ. ಹೀಗೆ, ಇದ್ದ ಎಳೆಗಳೇ ದಪ್ಪವಾಗುತ್ತವೆ. ಮೊದಲ ವಾರಗಳಲ್ಲಿ ಕಾಣುವ ಕಸುವು ಮಾತ್ರ ಬಹುಪಾಲು ನರಗಳದು: ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಅವು ಕಲಿತಿರುತ್ತವೆ. ಎಲುಬೂ ಭಾರಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆಂದು ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಆದರೆ ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ನಾನು ಎಡವಿದ್ದು ಇಲ್ಲೇ. ಕಸುವು ಬಂದಿತ್ತು, ಅದನ್ನು ತಾಳುವ ಕಟ್ಟು ಬಂದಿರಲಿಲ್ಲ.

ಊಟದ ಮಾತೂ ಇದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್. ಸೊಲ್ಲಾಪುರದ ಶೇಂಗಾ ಹಿಂಡಿ, ಜೋಳದ ರೊಟ್ಟಿ, ತೊಗರಿಬೇಳೆ, ಹಾಲು ಇದ್ದ ಮನೆಗೆ ಡಬ್ಬಿಯ ಪುಡಿ ಬೇಕೇಬೇಕೆಂದಿಲ್ಲ.

ನಮ್ಮ ಗಡಿಯ ಮಣ್ಣು ಪೈಲವಾನರಿಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಏಕಸಂಬಾದ ಶ್ರೀಪತಿ ಖಂಚನಾಳೆ ಕೊಲ್ಹಾಪುರದಲ್ಲಿ ಪಳಗಿ 1959ರಲ್ಲಿ ಕುಸ್ತಿಯ ಹಿಂದ್ ಕೇಸರಿ ಪಟ್ಟ ಗೆದ್ದರು. ಅಂಥ ಮೈ ಒಂದು ಹಂಗಾಮಿನ ಬೆಳೆಯಲ್ಲ.

ಸೊಂಟ ವಾಸಿಯಾದ ಮೇಲೆ ವಾರಕ್ಕೆ ಮೂರೇ ದಿನ ಸಾಮು, ನಲವತ್ತು ಕಿಲೋದಿಂದ ಮತ್ತೆ ಶುರು. ಕ್ವಿಂಟಲ್ ಚೀಲ ಹೆಗಲೇರಿದ್ದು ಎರಡನೇ ಜಾತ್ರೆಗೆ.

ವಯಸ್ಸಾದಂತೆ ಸ್ನಾಯು ಕರಗುತ್ತದೆ, ಆದರೆ ಭಾರದ ಕರೆಗೆ ಓಗೊಡುವುದನ್ನು ಬಿಡುವುದಿಲ್ಲ. ಹೋದ ವರ್ಷ ಅರವತ್ತೆಂಟರ ಅವ್ವನಿಗೆ ಮಂಚದ ಅಂಚು ಹಿಡಿಸಿ ಬೈಠಕ್ ಶುರು ಮಾಡಿಸಿದೆ, ದಿನ ಬಿಟ್ಟು ದಿನ, ಐದರಿಂದ. ಈಗ ಅವಳು ಕೈ ಊರದೆ ನೆಲದಿಂದ ಏಳುತ್ತಾಳೆ.