ಖಾತೆ ನಿರ್ವಹಣೆಯಲ್ಲಿ ಮಾಡ್ಯೂಲ್‌ಗಳ ಪಾತ್ರ

ಸಿಬ್ಬಂದಿಯ ಹೆಸರು, ಹುದ್ದೆ, ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಇರಿಸುವ ಗಣಕ ದಾಖಲೆಗೆ ಡೈರೆಕ್ಟರಿ ಎನ್ನಲಾಗುತ್ತದೆ. ಅದನ್ನು ಬ್ರೌಸರ್ ಮೂಲಕ ನಿರ್ವಹಿಸುವ ತಂತ್ರಾಂಶಗಳಲ್ಲಿ ‘ಎಲ್‌ಡಿಎಪಿ ಅಕೌಂಟ್ ಮ್ಯಾನೇಜರ್’ ಒಂದು. ಪಿಎಚ್‌ಪಿ ಭಾಷೆಯಲ್ಲಿ ರಚಿತವಾದ ಇದರಲ್ಲಿ ಒಂದೊಂದು ಬಗೆಯ ವಿವರಕ್ಕೂ ಪ್ರತ್ಯೇಕ ಮಾಡ್ಯೂಲ್ ಇರುತ್ತದೆ.

ಹೊಸ ಮಾಡ್ಯೂಲ್ ರಚಿಸುವವರು ಮೂಲ ತಂತ್ರಾಂಶವನ್ನು ತಿದ್ದದೆ, ಅದು ಒದಗಿಸುವ ‘ಬೇಸ್‌ಮಾಡ್ಯೂಲ್’ ಮಾದರಿಯನ್ನು ಆಧರಿಸಿ ಇಂತಹ ಕಾರ್ಯಗಳನ್ನು ರೂಪಿಸಬಹುದು: ನಮೂನೆಯನ್ನು ತೋರಿಸುವುದು, ಭರ್ತಿ ಮಾಡಿದ ವಿವರವನ್ನು ಪರಿಶೀಲಿಸುವುದು, ಬದಲಾವಣೆಯನ್ನು ಡೈರೆಕ್ಟರಿಗೆ ದಾಖಲಿಸುವುದು.

ಇವುಗಳಲ್ಲಿ ಪರಿಶೀಲನೆಯೇ ಪ್ರಧಾನ. ಗುತ್ತಿಗೆ ನೌಕರರ ಖಾತೆಗೆ ಅವಧಿ ಮುಗಿಯುವ ದಿನಾಂಕವನ್ನು ಕಡ್ಡಾಯಗೊಳಿಸಿದರೆ, ದಿನಾಂಕವಿಲ್ಲದ ನಮೂನೆ ಅಲ್ಲಿಯೇ ತಿರಸ್ಕೃತವಾಗುತ್ತದೆ. ಇಂತಹ ನಿಯಮವಿಲ್ಲದಿದ್ದಲ್ಲಿ, ಕೆಲಸ ಬಿಟ್ಟವರಿಗೂ ಕಡತ ತೆರೆಯುವ ಅವಕಾಶ ಉಳಿದೀತು. ಆದ್ದರಿಂದ ತಂತ್ರಾಂಶ ಒದಗಿಸುವವರನ್ನು ಸದಸ್ಯರು ಮೊದಲು ಕೇಳಬೇಕಾದುದು: ಅವಧಿ ಮುಗಿದ ಖಾತೆಯ ಪ್ರವೇಶವು ಯಾವಾಗ, ಯಾರ ಆದೇಶದಿಂದ ರದ್ದಾಗುತ್ತದೆ?